ಹೆಬ್ಬೆರಳಿನ ಗೋರಿ

ಇಷ್ಟು ರಗಳೆಗೆಲ್ಲ ಮೂಲ ಗೋಲಿಯಷ್ಟು ದಪ್ಪದ ಒಂದು ಎಲುಬು.

ಸಿಂಧನೂರಿನ ನಬೀಸಾಬ ತಲೆ ನರೆಯುವವರೆಗೂ ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದಿದವನು. ಆ ವಾದ್ಯದ ಭಾರವೆಲ್ಲ ಬಲಗೈ ಹೆಬ್ಬೆರಳಿನ ಮೇಲೆ. ಬೆರಳಿನ ಬುಡದ ಕೀಲು ಸವೆದು, ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಚೇಳು ಕುಟುಕಿದಂತಾಗುತ್ತಿತ್ತು. ಊದುವುದನ್ನು ನಿಲ್ಲಿಸಿ, ಕೈ ಕೊಡವಿ, "ಯಾ ಅಲ್ಲಾ" ಎಂದು ನರಳಿ ಮತ್ತೆ ಊದುತ್ತಿದ್ದ. ಆ ಬಿಡುವಿನಲ್ಲಿ ಡೋಲಿನ ಲಾಲಪ್ಪ ಕೈಚಳಕ ತೋರಿಸಿ ಜನರಿಂದ ಸೀಟಿ ಹೊಡೆಸಿಕೊಳ್ಳುತ್ತಿದ್ದ.

ಕಡೆಗೆ ಡಾಕ್ಟರು ಆಪರೇಷನ್ ಮಾಡಿ ಸವೆದ ಎಲುಬನ್ನೇ ತೆಗೆದರು. ಖಾಲಿ ಜಾಗಕ್ಕೆ ಅವನದೇ ಕೈಯ ಸ್ನಾಯುವಿನ ಎಳೆಯೊಂದನ್ನು ಉಂಡೆ ಸುತ್ತಿ ಕೂರಿಸಿದರು. ಮೈಯಿಂದ ಬೇರೆಯಾದದ್ದನ್ನು ಮಣ್ಣಿಗೇ ಕೊಡಬೇಕೆಂದು ಹೆಂಡತಿ ಹಸೀನಾಬೀ ಆ ಎಲುಬನ್ನು ಕೇಳಿ ತಂದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಕಾಲುವೆ ಪಕ್ಕದ ಖಬರಸ್ತಾನದಲ್ಲಿ ಹೂಳಿಸಿದಳು.

ಈಗ ಕೈ ವಾಸಿಯಾಗಿತ್ತು. ಇವತ್ತು ಸಂಜೆ ಬ್ಯಾಂಡಿನ ಮಾಲೀಕ ಅಂಬಪ್ಪನ ಪರೀಕ್ಷೆ. ಪಾಸಾದರೆ ಹಳೇ ಜಾಗ, ಇಲ್ಲವಾದರೆ ಕಾಯಂ ಮನೆ. ಊದದೇ ಮನೆಯಲ್ಲಿ ಕೂರುವುದನ್ನು ನೆನೆದರೇ ನಬೀಸಾಬನಿಗೆ ಉಸಿರು ಕಟ್ಟುತ್ತಿತ್ತು.

ಬೆಳಿಗ್ಗೆಯೇ ಗೋರಿ ತೋಡುವ ನಿಯಾಜ್ ಬಾಗಿಲಲ್ಲಿ ಬಂದು ನಿಂತ. ಮುಖ ಸುಣ್ಣದಂತೆ ಬಿಳಿಚಿತ್ತು.

"ಚಾಚಾ, ನಿಮ್ಮ ಎಲುಬು ಸುಮ್ಮನ ಇರವಲ್ದು. ಸಂಜಿ ಮಗ್ರಿಬ್ ನಮಾಜಿನ ಹೊತ್ತಿಗೆ ಮಣ್ಣಾಗಿಂದ ಊದೋ ಸಪ್ಪಳ ಬರಾಕತ್ತೈತ್ರಿ."

"ಕಪ್ಪಿ ಒದರಿರ್ತಾವ, ಹೋಗಲೇ."

"ಕಪ್ಪಿ ಹಾಡು ಬಾರಿಸ್ತಾವೇನ್ರಿ?"

ಹಸೀನಾಬೀ ಒಳಗಿಂದಲೇ ಗದರಿದಳು: "ಒಂದ್ಸಲನರ ಅದರ ಗೋರಿಗೆ ಹೋಗಿ ಫಾತಿಹಾ ಓದಿ ಬಂದೀರೇನು? ಅದೂ ನಿಮ್ಮ ಜೀವಾನ ಅಲ್ಲೇನ್ರಿ?"

"ಹಿಡಿಯಷ್ಟೂ ಇಲ್ಲದ ಎಲುಬಿಗೆ ಫಾತಿಹಾ ಅಂತ!" ಎಂದು ನಬೀಸಾಬ ನಕ್ಕುಬಿಟ್ಟ.

ಮಧ್ಯಾಹ್ನದೊಳಗೆ ಓಣಿಗೆಲ್ಲ ಸುದ್ದಿ. ಒಬ್ಬರು ನಿಂಬೆಹಣ್ಣು ತಂದುಕೊಟ್ಟರು, ಇನ್ನೊಬ್ಬರು ಎಲುಬನ್ನು ವಾಪಸ್ ಹಾಕಿಸಿಕೊಳ್ಳಲು ಹೇಳಿದರು. ಸಂಜೆ ನಬೀಸಾಬ ಹತ್ತಿದ ಆಟೋದವನಂತೂ ಹಿಂದೆ ಸರಿದು, "ಬಲಗೈ ಬ್ಯಾಡ್ರಿ, ರೊಕ್ಕ ಎಡಗೈಲೇ ಕೊಡ್ರಿ," ಎಂದ.

ಬ್ಯಾಂಡಿನ ತಾಲೀಮು ಕಾಲುವೆ ದಂಡೆಯಲ್ಲಿ. ಊರವರು ಗದ್ದಲ ತಾಳಲಾರದೆ ಓಡಿಸಿದ್ದರು. ಈವರೆಗೆ ತಕರಾರು ಮಾಡದ ನೆರೆಹೊರೆಯೆಂದರೆ ಖಬರಸ್ತಾನದವರು ಮಾತ್ರ.

ನಬೀಸಾಬ ಊದತೊಡಗಿದ. ಎರಡನೇ ಸಾಲು ದಾಟಿತು, ಮೂರನೆಯದೂ ದಾಟಿತು. ನೋವಿಲ್ಲ! ಖುಷಿಗೆ ಅವನ ಕಣ್ಣು ತುಂಬಿ ಬಂತು. ಲಾಲಪ್ಪ ಎತ್ತಿದ ಕೋಲು ಎತ್ತಿದಂತೇ ಉಳಿಯಿತು.

"ಚಾಚಾ, ನೀವು ನಿಲ್ಲಲಿಲ್ಲಂದ್ರ ನಾ ಯಾವಾಗ ಬಾರಿಸ್ಲಿ?"

ಅಂಬಪ್ಪ ಮುಖ ಗಂಟಿಕ್ಕಿದ. "ಜನ ಆ ಗ್ಯಾಪಿಗೇ ಕಾಯ್ತಿದ್ರಪ. ನೀ ಕೈ ಝಾಡ್ಸೋದು, ಇವ ಬಾರ್ಸೋದು, ಅದ ನಮ್ಮ ಬ್ಯಾಂಡ್. ಇದು ನಬೀಸಾಬನ ಬಾಜಾ ಅಲ್ಲ ಬಿಡು."

ನಬೀಸಾಬ ಕ್ಲಾರಿಯೊನೆಟ್ ತೊಡೆಯ ಮೇಲಿಟ್ಟು ಕುಸಿದು ಕೂತ.

ಆಗ ಗದ್ದೆಯ ಕಪ್ಪೆಗಳು ಒಮ್ಮೆಲೇ ಸುಮ್ಮನಾದವು.

ಖಬರಸ್ತಾನದ ಗೋಡೆಯಾಚೆ, ಮಣ್ಣಿನೊಳಗಿಂದ, ಅದೇ ಹಾಡು ಸಣ್ಣಗೆ ಎದ್ದಿತು. ಎರಡನೇ ಸಾಲಿನ ನಡುವೆ ತಟ್ಟನೆ ನಿಂತಿತು. "ಯಾ ಅಲ್ಲಾ..." ಎಂದು ಯಾರೋ ನರಳಿದರು.

ನಬೀಸಾಬನ ತುಟಿ ಅಲುಗಿರಲಿಲ್ಲ. ಲಾಲಪ್ಪನ ಕೈಗಳು ಮಾತ್ರ ಹಳೇ ರೂಢಿಯಂತೆ ತಾವೇ ಡೋಲು ಬಾರಿಸಿದವು. ಅವನು ಮುಗಿಸುತ್ತಲೇ ಗೋರಿಯ ಹಾಡು ಸರಿಯಾಗಿ ಅಲ್ಲಿಂದಲೇ ಮುಂದುವರಿಯಿತು.

ಅಂಬಪ್ಪ ಎರಡು ಹೆಜ್ಜೆ ಹಿಂದಕ್ಕೆ ಹಾಕಿದ. ಆದರೂ ಅವನ ಮುಖ ಅರಳಿತು.

"ಇದು ನೋಡಪ ನಬೀಸಾಬ ಅಂದ್ರ!" ಎಂದವನೇ ಗೋಡೆಯತ್ತ ಕೂಗಿದ: "ಏ ನಿಯಾಜ್, ನಾಳಿ ದಢೇಸುಗೂರಾಗ ಮದುವಿ ಐತಿ. ಆ ಎಲುಬು ಮಣ್ಣು ಸಮೇತ ಬುಟ್ಟಿಗೆ ತುಂಬಿಕೊಡು."

ಆಮೇಲೆ ನಬೀಸಾಬನ ಬಲಗೈಯನ್ನೊಮ್ಮೆ ನೋಡಿದ.

"ಬುಟ್ಟಿ ಹೊರಾಕ ನೀ ಬಾ. ಹೆಂಗೂ ಕೈ ಆರಾಮ ಆಗೈತಲ್ಲ."