ಹಿತ್ತಲ ತಂತಿ ಕಿತ್ತ ಚಾಂದನಿಯವರಿಗೆ

ಶ್ರೀಮತಿ ಚಾಂದನಿಯವರು,
ನಸೀಮಾಬಿಯವರ ದನದ ಕೊಟ್ಟಿಗೆ,
ಕುಬಿಹಾಳ, ಕುಂದಗೋಳ ತಾಲೂಕು.

ಮಾನ್ಯರೇ,

ತಾವು ಬೆಳಗಿನ ಮೇವು ಮುಗಿಸಿ, ಮೆಲುಕು ಹಾಕುತ್ತ, ಬಾಲದಿಂದ ನೊಣಗಳ ಯೋಗಕ್ಷೇಮ ವಿಚಾರಿಸುತ್ತಿರುವ ಸಮಾಧಾನದ ಹೊತ್ತಿನಲ್ಲಿಯೇ ಈ ಪತ್ರವನ್ನು ಯಾರಾದರೂ ತಮ್ಮೆದುರು ಓದಲಿ ಎಂದು ಮೊದಲಿಗೆ ಹಾರೈಸುತ್ತೇನೆ. ಇದ್ದಿಲಿನಂಥ ಎಮ್ಮೆಗೆ ಬೆಳದಿಂಗಳ ಹೆಸರಿಟ್ಟ ತಮ್ಮ ಒಡತಿಯ ರಸಿಕತೆಗೂ, ಆ ಹೆಸರು ಹಿಡಿದು ಕೂಗಿದಾಗ ಮನಸ್ಸು ಬಂದರೆ ಮಾತ್ರ ತಿರುಗಿ ನೋಡುವ ತಮ್ಮ ದೊಡ್ಡಸ್ತಿಕೆಗೂ ವಂದಿಸಿ, ಬೇಲಿಯಾಚೆಯ ನೆರೆಯವನೂ ಈ ಊರಿನ ಗ್ರಂಥಾಲಯದ ಮೇಲ್ವಿಚಾರಕನೂ ಆದ ಈರಪ್ಪನೆಂಬ ನಾನು, ಕಳೆದ ರವಿವಾರ ತಾವು ನಮ್ಮ ಹಿತ್ತಲಿನಲ್ಲಿ ನಡೆಸಿದ ಕಾಮಗಾರಿಯ ಕುರಿತು ನನ್ನ ದೂರನ್ನು ಸವಿನಯವಾಗಿ ಸಲ್ಲಿಸುತ್ತಿದ್ದೇನೆ.

ದೂರಿನ ವಸ್ತು, ಬಟ್ಟೆ ಒಣಹಾಕುವ ತಂತಿ. ಬೇವಿನ ಮರದಿಂದ ಬದನೆ ಮಡಿಯಾಚೆಗಿನ ಕಬ್ಬಿಣದ ಕಂಬದವರೆಗೆ ಇಪ್ಪತ್ತನಾಲ್ಕು ವರ್ಷಗಳಿಂದ ಇದ್ದ ಅದು ಈಚೆಗೆ ಜೋತುಬಿದ್ದು, ತುಕ್ಕು ಹಿಡಿದು, ತನ್ನ ಮೇಲೆ ಹಾಕಿದ ಪ್ರತಿ ಬಟ್ಟೆಗೂ ಒಂದು ಕಂದು ಗೆರೆ ಎಳೆದು ಕಳಿಸುತ್ತಿತ್ತು. ನನ್ನ ಬಿಳಿ ಅಂಗಿಗಳಿಗೆಲ್ಲ ಬೆನ್ನ ಮೇಲೆ ಅಡ್ಡಗೆರೆ ಬಿದ್ದು, ಗ್ರಂಥಾಲಯಕ್ಕೆ ಬರುವವರು ನನ್ನನ್ನು ಹಿಂದಿನಿಂದಲೇ ಗುರುತಿಸುವಂತಾಗಿತ್ತು. ನನ್ನ ಹೆಂಡತಿ ರೇವವ್ವ ಆರು ವರ್ಷಗಳಿಂದ ಹೇಳುತ್ತಲೇ ಇದ್ದಳು: “ಆ ತಂತಿ ಕಿತ್ತ ಒಗದು ಒಂದ್ ನೈಲಾನ್ ಹಗ್ಗಾ ಕಟ್ರಿ. ನಿಮ್ಮ ಕೈಲಿ ಆಗಂಗಿಲ್ಲಂದ್ರ ಹೇಳಿಬಿಡ್ರಿ, ನಾನ ಕೀಳತೀನಿ.” ನಾನು ಮಳೆಗಾಲದಲ್ಲಿ ನೆಲ ಹಸಿಯೆಂದೆ, ಬೇಸಿಗೆಯಲ್ಲಿ ನೆಲ ಗಟ್ಟಿಯೆಂದೆ, ಚಳಿಗಾಲದಲ್ಲಿ ಹೇಳಲು ಏನೂ ಹೊಳೆಯದೆ ಕೆಮ್ಮಿದೆ.

ತಾವು ಕೇಳಿದ ಮಾತನ್ನು ಹೊರಗೆ ಹಾಕುವವರಲ್ಲವಾದ್ದರಿಂದ ನಿಜವಾದ ಕಾರಣವನ್ನು ತಮ್ಮ ಮುಂದೆ ಹೇಳಬಹುದೆನಿಸುತ್ತದೆ. ಮಗಳು ನೇತ್ರಾ ಹುಟ್ಟಿ, ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದ ದಿನ ಆ ತಂತಿಯನ್ನು ಬಿಗಿದವನು ನಾನೇ. ಮೊದಲು ಅದರ ಮೇಲೆ ಒಣಗಿದ್ದು ಹಳೆಯ ಸೀರೆ ಹರಿದು ಮಾಡಿದ ಅವಳ ಅರಿವೆಗಳು, ಅಂಗೈಯಗಲದ ಅವಳ ಅಂಗಿಗಳು. ಆಮೇಲೆ ಸಾಲೆಯ ನೀಲಿ ಲಂಗ. ಈಗ ಕುಂದಗೋಳದ ದವಾಖಾನೆಯಲ್ಲಿ ನರ್ಸಾಗಿರುವ ಅವಳ ಬಿಳಿ ಕೋಟು. ಮನೆಯಲ್ಲಿ ಅವಳ ಮದುವೆಯ ಮಾತು ಎದ್ದಾಗಲೆಲ್ಲ ಬೆನ್ನಿಗೇ ಈ ತಂತಿಯ ಮಾತೂ ಏಳುತ್ತಿತ್ತು. ಎರಡನ್ನೂ ಮುಂದಿನ ವರ್ಷಕ್ಕೆ ದೂಡುವುದು ನನಗೆ ಒಂದೇ ಕೆಲಸದಂತೆ ಕಾಣುತ್ತಿತ್ತು. ಇದನ್ನು ಹೆಂಡತಿಗೆ ಹೇಳಲು ನಾಚಿಕೆಯಾಗಿ, ಸೋಮಾರಿ ಎಂಬ ಬಿರುದನ್ನೇ ಸಂತೋಷದಿಂದ ಧರಿಸಿಕೊಂಡಿದ್ದೆ.

ಕಳೆದ ರವಿವಾರ ಅಣ್ಣಿಗೇರಿಯಿಂದ ಚನ್ನಬಸವ್ವ ಎಂಬವರು, ಮಗ ಗೌರೀಶನೊಂದಿಗೆ, ನೇತ್ರಾಳನ್ನು ನೋಡಲು ಹನ್ನೊಂದರ ಬಸ್ಸಿಗೆ ಬರುವವರಿದ್ದರು. ಬೇವಿನ ನೆರಳಿಗೆ ಕುರ್ಚಿ ಹಾಕಬೇಕಾಗಿದ್ದರಿಂದ, ಬಂದವರ ಕುತ್ತಿಗೆಗೆ ತಂತಿ ಸಿಗಬಾರದೆಂದು ರೇವವ್ವ ನಸುಕಿನಲ್ಲೇ ಬಟ್ಟೆ ಒಗೆದು ಹಾಕಿ, “ಇವು ಒಣಗಿದ ಕೂಡಲೇ ತಂತಿ ಇಳೀಬೇಕ ನೋಡ್ರಿ. ಇಲ್ಲಂದ್ರ ಬಂದವರ ಮುಂದನ ಬಾಯಿ ತಗೀತೀನಿ” ಎಂದು ಇಕ್ಕಳವನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು. ನಾನು ಚಹಾದ ಬಟ್ಟಲು ಹಿಡಿದು, ಮೊದಲು ಮರದ ಕಡೆಯಿಂದ ಬಿಚ್ಚುವುದೋ ಕಂಬದ ಕಡೆಯಿಂದಲೋ ಎಂಬುದನ್ನು ಎರಡು ತಾಸು ಕೂಲಂಕಷವಾಗಿ ಪರಿಶೀಲಿಸಿದೆ.

ಆಗ ತಾವು ದಯಮಾಡಿಸಿದಿರಿ. ಬೇಲಿ ಸರಿಸಿಕೊಂಡು ಬಂದು, ನನ್ನ ಕಡೆಗೆ ಒಮ್ಮೆ ನೋಡಿ, ಇವನಿಂದ ಆಗುವ ಕೆಲಸವಲ್ಲವೆಂದು ಒಂದೇ ನೋಟಕ್ಕೆ ತಿಳಿದುಕೊಂಡು, ಕಂಬಕ್ಕೆ ಕುತ್ತಿಗೆ ತಿಕ್ಕತೊಡಗಿದಿರಿ. ತಂತಿ ತಮ್ಮ ಕೊಂಬಿಗೆ ಸಿಕ್ಕಿತು. ತಾವು ತಲೆ ಎತ್ತಿದಿರಿ. ಬಿಸಿಲಿಗೆ ಬಿರುಕುಬಿಟ್ಟ ಎರೆಮಣ್ಣಿನಿಂದ ಕಂಬ ಸಲೀಸಾಗಿ ಕಿತ್ತುಬಂತು, ಮರದ ಕಡೆಯ ತುದಿ ಫಟ್ಟನೆ ಹರಿಯಿತು. ಆರು ವರ್ಷಗಳ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಿತು. ಇಲ್ಲಿಯವರೆಗೆ ನನ್ನದು ದೂರಲ್ಲ, ಅಭಿನಂದನೆ. ಕೆಲಸ ಮುಗಿದ ಮೇಲೆ ಅಲ್ಲಿಯೇ ನಿಲ್ಲುವುದನ್ನು ಬಿಟ್ಟು ತಾವು ಬೆದರಿ, ತಂತಿಯ ಸಮೇತ, ತಂತಿಯ ಮೇಲಿನ ಬಟ್ಟೆಗಳ ಸಮೇತ, ಊರೊಳಗೆ ಓಡಿದ್ದಷ್ಟೇ ನನ್ನ ತಕರಾರು.

ಮುಂದೆ ತಾವು, ತಮ್ಮ ಕೊಂಬಿನಲ್ಲಿ ರೇವವ್ವನ ಇಳಕಲ್ ಸೀರೆ, ಅದರ ಹಿಂದೆ ಎರಡು ಹಾಸಿಗೆ ಹೊದಿಕೆ, ಎಲ್ಲಕ್ಕೂ ಮೇಲೆ ಧ್ವಜದಂತೆ ನನ್ನ ಪಟ್ಟಾಪಟ್ಟಿ ಚಡ್ಡಿ, ತಮ್ಮ ಹಿಂದೆ “ಏ ಚಾಂದನಿ, ನಿಂದರ ಬೇ! ಕಣ್ಣಿಗೆ ತಂತಿ ಹತ್ತತೈತಿ!” ಎಂದು ಬರಿಗಾಲಲ್ಲಿ ಓಡುತ್ತಿದ್ದ ನಸೀಮಾಬಿ, ಅವರ ಹಿಂದೆ ನಾನು. ಮೊದಮೊದಲು ನನ್ನ ಕಣ್ಣು ಚಡ್ಡಿಯ ಮೇಲಿತ್ತು. ಆದರೆ ತಂತಿಯ ಚೂಪು ತುದಿ ತಮ್ಮ ಕಣ್ಣಿನ ಪಕ್ಕದಲ್ಲೇ ಕುಣಿಯುವುದನ್ನೂ, ಎದುರಿನಿಂದ ಹನ್ನೊಂದರ ಬಸ್ಸು ಬರುವುದನ್ನೂ ಕಂಡಾಗ, ಚಡ್ಡಿಯನ್ನು ಮರೆತು ಓಟ ಜೋರು ಮಾಡಿದೆ. ನಸೀಮಾಬಿಯವರ ಮನೆ ನಡೆಯುವುದು ತಮ್ಮ ಹಾಲಿನಿಂದ. ಆ ತಂತಿಯನ್ನು ಇಷ್ಟು ದಿನ ಬಿಟ್ಟವನು ನಾನು.

ಬಸ್ಸು ನಿಂತಿತು. ಇಳಿದ ಯುವಕನೊಬ್ಬ ತಮ್ಮನ್ನು ಕಂಡು ಮರುಕ್ಷಣವೇ ಮತ್ತೆ ಬಸ್ಸು ಹತ್ತಿದ. ಅವನ ಹಿಂದೆ ಇಳಿದ ಐವತ್ತೈದರ ಹೆಂಗಸು ಮಾತ್ರ ಕೈಚೀಲ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಯಾಕವ್ವಾ, ಯಾರ ಹೊಡದ್ರು ನಿನಗ? ಬಾ, ನಿಂದರ” ಎನ್ನುತ್ತ ತಮ್ಮೆದುರು ಬಂದು ಹಣೆಯ ಮೇಲೆ ಅಂಗೈ ಇಟ್ಟರು. ಯಾರ ಮಾತಿಗೂ ನಿಲ್ಲದ ತಾವು ಅವರ ಮಾತಿಗೆ ನಿಂತಿರಿ. ಅವರು ತಂತಿಯನ್ನು ಸುತ್ತು ಸುತ್ತಾಗಿ ಬಿಡಿಸಿದರು. ಕಣ್ಣಿಗಿಂತ ಎರಡು ಬೆರಳು ಕೆಳಗೆ ಒಂದು ಗೀರು ಬಿದ್ದಿತ್ತು, ಅಷ್ಟೇ. ನಸೀಮಾಬಿ ತಮ್ಮ ಕುತ್ತಿಗೆ ತಬ್ಬಿಕೊಂಡು ಅತ್ತರು.

ಇನ್ನು ನನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತೇನೆ. ಆ ತಾಯಿ ಬಟ್ಟೆಗಳನ್ನೆಲ್ಲ ಕೊಡವಿ ಮಡಚಿ, ಕೊನೆಗೆ ಚಡ್ಡಿಯನ್ನು ಎತ್ತಿ ಹಿಡಿದು, “ಇವು ಯಾರವ್ರಿ?” ಎಂದು ಕೇಳಿದಾಗ, ನೆರೆದ ಜನರ ನಡುವೆ ನಿಂತು ನಾನು “ಗೊತ್ತಿಲ್ರಿ” ಎಂದೆ. ಅವರು ತಲೆಯಾಡಿಸಿ, “ಹಂಗಾದ್ರ ಈರಪ್ಪನವರ ಮನಿ ಎಲ್ಲಿ ಬರತೈತ್ರಿ?” ಎಂದರು.

ನಾನೇ ಈರಪ್ಪನೆಂದು ಹೇಳದೆ, ದಾರಿ ತೋರಿಸುತ್ತ ಮನೆಯವರೆಗೆ ಅವರ ಮುಂದೆ ನಡೆದೆ. ಬಸ್ಸಿನಿಂದ ಎರಡನೆಯ ಸಲ ಇಳಿದ ಗೌರೀಶ ತಮ್ಮ ಹಗ್ಗ ಹಿಡಿದು ಹಿಂದೆ ಬಂದ. ಬಾಗಿಲಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದ ರೇವವ್ವ, ಬಂದವರಿಗೆ ನಮಸ್ಕಾರ ಹೇಳುವ ಮೊದಲೇ, “ಅಯ್ಯ, ನಮ್ಮನಿಯವರ ಚಡ್ಡಿ!” ಎಂದು ಚೀರಿದಳು. ಚನ್ನಬಸವ್ವ ನನ್ನ ಮುಖ ನೋಡಿದರು. ನಾನು ಬೇವಿನ ಮರ ನೋಡಿದೆ.

ಇದಕ್ಕೆ ಮೊದಲು ನಾಲ್ಕು ಸಲ ಹೀಗೆ ನೋಡಲು ಬಂದವರ ಮುಂದೆ ಗೋಡೆಯಂತೆ ಕುಳಿತಿದ್ದ ನನ್ನ ಮಗಳು, ಚನ್ನಬಸವ್ವ ಹೇಳಿದ ಬೀದಿಯ ಕತೆ ಕೇಳಿ, ನಡುಮನೆಯಲ್ಲಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಔಷಧದ ಡಬ್ಬಿ ತಂದು, ರೇಷ್ಮೆ ಸೀರೆಯಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ತಮ್ಮ ಗಾಯ ತೊಳೆದಳು. ಹಗ್ಗ ಹಿಡಿದು ನಿಂತಿದ್ದ ಹುಡುಗನನ್ನು, ತಲೆ ಎತ್ತದೆಯೇ, “ತಿರುಗಿ ಬಸ್ಸು ಹತ್ತಿದ್ರಂತಲ್ಲ?” ಎಂದು ಕೇಳಿದಳು.

“ಹೌದ್ರಿ. ಅಗದಿ ಅಂಜಿಕಿ ಬಂತು. ಎಮ್ಮಿ ಅಂದ್ರ ನಂಗ ಸಣ್ಣಾಂವ ಇದ್ದಾಗಿಂದ ಅಂಜಿಕಿ.”

“ಮತ್ತ ಈಗ ಹಗ್ಗಾ ಹಿಡದೀರಿ?”

“ಈಗೂ ಅಂಜಿಕಿ ಐತ್ರಿ. ಆದ್ರ ನೀವು ಔಷಧಾ ಹಚ್ಚಾಕತ್ತೀರಿ, ಬಿಡಾಕ ಬರೂದಿಲ್ಲ.”

ನೇತ್ರಾ ಆಗ ತಲೆ ಎತ್ತಿ ಅವನನ್ನು ನೋಡಿದಳು. ಅವರು ಹೋದ ಮೇಲೆ, ಖಾಲಿಯಾದ ಹಿತ್ತಲಿನಲ್ಲಿ ನನ್ನ ಪಕ್ಕ ಬಂದು ಕುಳಿತು ಹೇಳಿದಳು: “ಅಪ್ಪಾ, ಅಂವ ಅಂಜಿದ್ದಕ್ಕ ಅಂಜೇನಿ ಅಂದ. ನೀ ನಿನ್ನ ಚಡ್ಡಿ ನಿಂದಲ್ಲ ಅಂದಿ. ನಂಗ ಅಂವ ಪಸಂದ ಅದಾನ. ಅವರವ್ವ ಇನ್ನೂ ಪಸಂದ.” ನಾನು ಹೂಂ ಎಂದೆ. ಈ ಸಲ ಕೆಮ್ಮಲಿಲ್ಲ. ಕಾರ್ತೀಕದಲ್ಲಿ ಮದುವೆ.

ಆದ್ದರಿಂದ, ಮಾನ್ಯರೇ, ಇನ್ನು ಮುಂದೆ ಇಂಥ ಕಾಮಗಾರಿ ಕೈಗೊಳ್ಳುವ ಮುನ್ನ ಒಂದು ವಾರದ ಲಿಖಿತ ಸೂಚನೆ ನೀಡಬೇಕೆಂದೂ, ಮೆರವಣಿಗೆಗೆ ಸೀರೆಗಳನ್ನಷ್ಟೇ ಆಯ್ದುಕೊಂಡು ಒಳಉಡುಪುಗಳನ್ನು ಸ್ಥಳದಲ್ಲಿಯೇ ಬಿಡಬೇಕೆಂದೂ, ಆ ತಂತಿಯ ಜೊತೆಗೆ ತಾವು ಎಳೆದೊಯ್ದ ನನ್ನ ಇಪ್ಪತ್ತನಾಲ್ಕು ವರ್ಷಗಳನ್ನು ಸಾಧ್ಯವಾದರೆ ಮಡಚಿದ ಸ್ಥಿತಿಯಲ್ಲಿ ಹಿಂದಿರುಗಿಸಬೇಕೆಂದೂ ಪ್ರಾರ್ಥಿಸುತ್ತ, ತಮ್ಮ ಗಾಯ ಮಾಯ್ದ ಸುದ್ದಿಗೆ ಸಂತೋಷಪಡುತ್ತ ಮುಗಿಸುತ್ತೇನೆ.

ತಮ್ಮ ವಿಶ್ವಾಸಿ, ತಮ್ಮ ಹಿಂದೆ ಅರ್ಧ ಊರು ಓಡಿದವ,
ಈರಪ್ಪ

ತಾ.ಕ.: ಈ ಪತ್ರ ಓದಿದ ರೇವವ್ವ, “ಎಮ್ಮಿಗೆ ಇಷ್ಟುದ್ದ ಬರಿಯಾಕ ಪುರಸೊತ್ತು ಐತಿ. ಬಚ್ಚಲದ ಬಾಗಲಾ ಮೂರು ವರ್ಷದಿಂದ ಜೋತಾಡಾಕತ್ತೈತಿ, ಅದಕ್ಕಿಲ್ಲ” ಎಂದಿದ್ದಾಳೆ. ಬಚ್ಚಲು ತಮ್ಮ ಬೇಲಿಗೆ ಹತ್ತಿರವೇ ಇದೆ. ಬಿಡುವಿದ್ದ ದಿನ ತಾವು ಬರಬಹುದು. ಆದರೆ ಒಳಗೆ ನಾನಿಲ್ಲದ ಹೊತ್ತು ನೋಡಿಕೊಂಡು ಬನ್ನಿ. ಹೋದ ಸಲ ಊರು ನೋಡಿದ್ದು ನನ್ನ ಬಟ್ಟೆಯನ್ನು ಮಾತ್ರ.