ಖಗೋಳಜ್ಞನ ಮುಖ ತೊಳೆದದ್ದು

ದೊಡ್ಡಮ್ಮನಿಗೆ ಕೊಳೆ ಕಂಡರೆ ಆಗದು. ಇಡೀ ಅನರ್ಥಕ್ಕೆ ಕಾರಣ ಇಷ್ಟೇ. ಅವಳು ಬಂದು ಮೂರು ದಿನವಾಗಿತ್ತು, ಅಷ್ಟರಲ್ಲಿ ಮನೆಯ ಚಿಲಕಗಳೆಲ್ಲ ಕನ್ನಡಿಯಾಗಿದ್ದವು. ನಾಲ್ಕನೆಯ ಬೆಳಿಗ್ಗೆ ಗ್ರಂಥಾಲಯದ ಗುಮಾಸ್ತ ಸ್ನಾನ ಮುಗಿಸಿ ಬಂದಾಗ, ಊಟದ ಮೇಜಿನ ಮೇಲೆ ಅವನ ಸಂಗ್ರಹದ ಹಳೆಯ ಕಂಚಿನ ಪದಕವೊಂದು ಹೊಸ ನಲ್ಲಿಯಂತೆ ಥಳಥಳಿಸುತ್ತಿತ್ತು.

“ಪಾಪ ಕಣೋ, ಈ ಮೀಸೆಯವರ ಮುಖ ಯಾವ ಕಾಲದಲ್ಲಿ ತೊಳೆದಿದ್ರೋ ಏನೋ! ಎರಡು ನಿಂಬೆಹಣ್ಣು ಹಿಡೀತು,” ಎಂದಳು ದೊಡ್ಡಮ್ಮ.

ಗುಮಾಸ್ತ ಪದಕವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅದರ ಮೇಲೆ ಮುಖ ಕೆತ್ತಿಸಿಕೊಂಡಿದ್ದ ಮೀಸೆಯವರು ನೂರೈವತ್ತು ವರ್ಷದ ಹಿಂದಿನ ಒಬ್ಬ ಫ್ರೆಂಚ್ ಖಗೋಳಜ್ಞ. ಹಳೆಯ ಪದಕದ ಮೇಲೆ ಕೂತಿರುವ ಕಂದು ಪೊರೆಯೇ ಅದರ ಪ್ರಾಣ. ಅದನ್ನು ಉಜ್ಜಿದವನನ್ನು ಸಂಗ್ರಾಹಕರು ಹೊಸಿಲು ದಾಟಲು ಬಿಡುವುದಿಲ್ಲ. ಆದರೆ ತನ್ನನ್ನು ಎತ್ತಿ ಆಡಿಸಿ ಬೆಳೆಸಿದ ದೊಡ್ಡಮ್ಮನನ್ನು ಬೈಯುವುದು ಹೇಗೆ?

“ಚೆನ್ನಾಗಾಗಿದೆ ದೊಡ್ಡಮ್ಮ,” ಎಂದ. ಧ್ವನಿ ಮಾತ್ರ ಬಾವಿಯೊಳಗಿಂದ ಬಂದಂತಿತ್ತು.

ಅಂದು ಸಂಜೆಯೇ ಆ ಪದಕವನ್ನು ತನ್ನಂತೆಯೇ ಪದಕ ಕೂಡಿಡುವ ನಿವೃತ್ತ ಹೆಡ್‌ಮಾಸ್ಟರಿಗೆ ಕೊಟ್ಟು, ಬದಲಿಗೆ ಒಬ್ಬ ಹೆಂಗಸನ್ನು ತರಬೇಕಾಗಿತ್ತು. ತಪ್ಪು ತಿಳಿಯಬೇಡಿ, ಅವಳೂ ಕಂಚಿನವಳೇ. ಗುಮಾಸ್ತನ ಬೀರುವಿನಲ್ಲಿ ಗಡ್ಡದ ಫ್ರೆಂಚ್ ವೈದ್ಯನೊಬ್ಬನ ಪದಕವಿತ್ತು. ಅದೇ ಶಿಲ್ಪಿ ಅದೇ ವರ್ಷ ಮಾಡಿದ ವೈದ್ಯನ ಹೆಂಡತಿ ಹೆಡ್‌ಮಾಸ್ಟರ ಬಳಿ ಇದ್ದಳು. ಆ ಗಂಡ ಹೆಂಡಿರನ್ನು ಒಂದುಗೂಡಿಸಲು ಗುಮಾಸ್ತ ಒಂಬತ್ತು ವರ್ಷ ದುಂಬಾಲು ಬಿದ್ದಿದ್ದ. ಖಗೋಳಜ್ಞನ ಆಸೆಗೆ ಹೆಡ್‌ಮಾಸ್ಟರು ಕೊನೆಗೂ ಒಪ್ಪಿದ್ದರು.

ಪದಕವನ್ನು ಕರವಸ್ತ್ರದಲ್ಲಿ ಸುತ್ತಿ ಗ್ರಂಥಾಲಯಕ್ಕೆ ಒಯ್ದ. ಗುಟ್ಟಾಗಿಡಬೇಕೆಂದಿದ್ದ. ಕಾರ್ಡುಗಳ ಪೆಟ್ಟಿಗೆಯ ಹಿಂದೆ ಕೂತು ಒಂದು ನಿಟ್ಟುಸಿರು ಬಿಟ್ಟದ್ದೇ ತಡ, ಟೈಪಿಸ್ಟ್ ಬಂದಳು, ಬೈಂಡರ್ ಬಂದ, ವಿಷಯ ಹೊರಬಿತ್ತು.

“ಇಷ್ಟೇನಾ? ಚಹಾದಲ್ಲಿ ಅದ್ದಿ,” ಎಂದಳು ಟೈಪಿಸ್ಟ್. “ನಮ್ಮನೆ ಮೇಜುಬಟ್ಟೆಗೆ ಬಿದ್ದ ಚಹಾ ಕಲೆ ಇವತ್ತಿಗೂ ಹೋಗಿಲ್ಲ.”

ಫ್ಲಾಸ್ಕಿನ ಚಹಾ ಪೂರ್ತಿ ಖಗೋಳಜ್ಞನ ಪಾಲಾಯಿತು. ಅರ್ಧ ಗಂಟೆಯ ನಂತರವೂ ಅವನು ಹೊಳೆಯುತ್ತಲೇ ಇದ್ದ, ಸಾಲದ್ದಕ್ಕೆ ಅಂಟಂಟಾಗಿದ್ದ.

“ಸಕ್ಕರೆ ಹಾಕಿದ ಚಹಾ ಸುರಿದ್ರೆ ಇನ್ನೇನಾಗುತ್ತೆ? ಮೊಟ್ಟೆ ತಾಗಿದ್ರೆ ಬೆಳ್ಳಿ ಚಮಚ ಕಪ್ಪಾಗಲ್ವಾ? ಕೊಡಿ ಇಲ್ಲಿ,” ಎಂದ ಬೈಂಡರ್, ತನ್ನ ಬುತ್ತಿಯ ಬೇಯಿಸಿದ ಮೊಟ್ಟೆಯನ್ನು ಹಿಸುಕಿ ಪದಕದ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟ.

ಮಧ್ಯಾಹ್ನ ಮುಚ್ಚಳ ತೆಗೆದಾಗ ಓದುಗರು ಒಬ್ಬೊಬ್ಬರಾಗಿ ಎದ್ದು ಹೋದರು. ಖಗೋಳಜ್ಞನ ಮೂಗು ಮಾತ್ರ ಕಪ್ಪಗಾಗಿತ್ತು. ಉಳಿದ ಮುಖದ ತುಂಬ ದಡಾರ ಎದ್ದಂತೆ ಚುಕ್ಕೆಗಳು.

“ಮೊದಲಿಗಿಂತ ಪರವಾಗಿಲ್ಲ,” ಎಂದ ಬೈಂಡರ್, ಮೂಗು ಹಿಡಿದುಕೊಂಡು.

ಗುಮಾಸ್ತ ಅರ್ಧ ದಿನ ರಜೆ ಬರೆದುಕೊಟ್ಟು ಹೊರಬಿದ್ದ. ರಸ್ತೆಯ ತಿರುವಿನಲ್ಲಿ ಬೂಟ್ ಪಾಲಿಶಿನವನು ಕಂಡ. ಇನ್ನೇನು ಉಳಿದಿತ್ತು? ಪದಕ ಚಾಚಿದ.

“ಮುಖದ್ದಾ?” ಎಂದ ಪಾಲಿಶಿನವನು, ಬ್ರಷ್ಷಿಗೆ ಕೈ ಹಾಕುತ್ತ. “ಗಾಢ ಕಂದು ಎರಡು ಸಲ, ಮಧ್ಯೆ ಚೂರು ಕಪ್ಪು. ಕಿವಿ ಸಂದಿ ಹಾಗೇ ಬಿಡ್ಬೇಕು, ಹಳೇದು ಅನ್ಸುತ್ತೆ.”

ಇವನು ಹುಟ್ಟು ಕಲಾವಿದ ಎಂದುಕೊಂಡ ಗುಮಾಸ್ತ. ಹತ್ತೇ ನಿಮಿಷದಲ್ಲಿ ಖಗೋಳಜ್ಞನ ನೂರೈವತ್ತು ವರ್ಷ ವಾಪಸು ಬಂದಿತ್ತು.

“ಬೆರಳು ತಾಗಿಸ್ಬೇಡಿ, ಅಂಚು ಹಿಡ್ಕೊಳ್ಳಿ,” ಎಂದು ಪಾಲಿಶಿನವನು ಎಚ್ಚರಿಸಿ ಕಳಿಸಿದ.

ಹೆಡ್‌ಮಾಸ್ಟರು ಯಾವುದೇ ಪದಕವನ್ನು ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನೋಡುವವರು. ಅಂದು ಒಮ್ಮೆ ಕಣ್ಣಾಡಿಸಿದರು, ಅಷ್ಟೇ. “ನಮ್ಮ ನಮ್ಮಲ್ಲಿ ಪರೀಕ್ಷೆ ಏನ್ರೀ? ನಂಬಿಕೆ ದೊಡ್ಡದು.”

“ಅಂಚು ಹಿಡ್ಕೊಳ್ಳಿ ಸರ್,” ಎಂದ ಗುಮಾಸ್ತ.

“ನೀವೂ ಅಷ್ಟೇ, ಅಂಚೇ ಹಿಡ್ಕೊಳ್ಳಿ.”

ಆ ನಂಬಿಕೆ ಗುಮಾಸ್ತನ ಎದೆಗೆ ಮುಳ್ಳಿನಂತೆ ಚುಚ್ಚಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಎತ್ತರದ ತುರುಬಿನ ಆ ಹೆಂಗಸು ಅವನ ಅಂಗೈಗೆ ಬಂದು ಕೂತಿದ್ದಳು. ಬಾಯಿ ಮುಚ್ಚಿದ.

ಮನೆಗೆ ಬಂದವನು ಬೀರು ತೆರೆದು ಅವಳನ್ನು ವೈದ್ಯನ ಪಕ್ಕದಲ್ಲಿ ಇಟ್ಟ. ಒಂಬತ್ತು ವರ್ಷ! ಕಣ್ಣು ತುಂಬಿ ಬಂತು. ಮೈಮರೆತು ಅವಳ ಕೆನ್ನೆ ಸವರಿದ.

ಹೆಬ್ಬೆರಳು ಕಂದಾಯಿತು. ಕೆನ್ನೆ ಹೊಸ ನಲ್ಲಿಯಂತೆ ಹೊಳೆಯಿತು. ಬೆರಳು ಮೂಸಿ ನೋಡಿದ. ಬೂಟ್ ಪಾಲಿಶ್.

ಆಗಲೇ ಫೋನು ಬಡಿದುಕೊಂಡಿತು. ಹೆಡ್‌ಮಾಸ್ಟರು.

“ಹೇಗಿದ್ದಾಳೆ?”

“ಚೆನ್ನಾಗಿದ್ದಾಳೆ ಸರ್. ಅವನು?”

“ಚೆನ್ನಾಗಿದ್ದಾನೆ.” ಹೆಡ್‌ಮಾಸ್ಟರು ಒಮ್ಮೆ ಕೆಮ್ಮಿದರು. “ನೀವೇನೂ... ಒರೆಸೋಕೆ ಹೋಗ್ಲಿಲ್ಲ ತಾನೆ?”

“ಛೆ ಛೆ, ಒರೆಸಬಾರ್ದಲ್ವಾ ಸರ್.”

“ಒರೆಸಲೇಬಾರ್ದು,” ಎಂದು ಹೆಡ್‌ಮಾಸ್ಟರು ಮೆಲ್ಲಗೆ ಫೋನು ಇಟ್ಟರು.

ತಿರುಗಿ ನೋಡಿದರೆ ಬೀರುವಿನ ಮುಂದೆ ದೊಡ್ಡಮ್ಮ, ಕೈಯಲ್ಲಿ ಅರ್ಧ ನಿಂಬೆಹಣ್ಣು. “ಅಯ್ಯೋ, ಈ ಹೆಣ್ಣುಮಗಳ ಮುಖನೂ ಯಾರೂ ತೊಳೆದಿಲ್ವಲ್ಲೋ!”

“ತೊಳೆದಿದ್ದಾರೆ ದೊಡ್ಡಮ್ಮ,” ಎಂದ ಗುಮಾಸ್ತ.