ಎರಡು ಫಿಫ್ಟಿ ಲೆನ್ಸು, ಒಬ್ಬಳೇ ಅಕ್ಕ

ನಗೆಪಾಟಲಿಗೆ ನನ್ನ ಮನೆ ಅಡ್ರೆಸ್ ಬಾಯಿಪಾಠ. ಕೆಜಿಎಫ್‌ನ ಆಂಡರ್ಸನ್‌ಪೇಟೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟ ದಿನದಿಂದ ನೋಡ್ತಿದ್ದೀನಿ, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಟರೆ ಸಾಕು, ಏನೋ ಒಂದು ಆಗಿಯೇ ತೀರುತ್ತೆ. ಈಗೀಗ ಹೆಂಡತಿ ಬಾಗಿಲು ತೆಗೆದು "ಬಂದ್ರಾ" ಅನ್ನೋದನ್ನೇ ಬಿಟ್ಟಿದ್ದಾಳೆ. "ಇವತ್ತೇನಾಯ್ತು?" ಅಂತಾಳೆ. ಮಿಕ್ಕಿದ್ದೆಲ್ಲ ಇರಲಿ, ಹೋದ ತಿಂಗಳು ಒಂದು ಸೆಕೆಂಡ್ ಹ್ಯಾಂಡ್ ಲೆನ್ಸ್ ಹುಡುಕಿಕೊಂಡು ಹೊರಟ ಆ ಒಂದೇ ವಾರದ ಕಥೆ ಕೇಳಿ.

ಹಾಲು ಪೂರ್ವಕ್ಕೇ ಉಕ್ಕಿತು

ಊರಿಗಾಂನಲ್ಲಿ ಒಂದು ಗೃಹಪ್ರವೇಶ. ಹೊಸ ಒಲೆ ಮೇಲೆ ಹಾಲಿಟ್ಟಿದ್ದರು. ಹಾಲು ಉಕ್ಕಬೇಕು, ಅದೂ ಪೂರ್ವದ ಕಡೆಗೇ ಉಕ್ಕಬೇಕು, ಆಗಲೇ ಮನೆಗೆ ಶ್ರೇಯಸ್ಸು. ಇಡೀ ಮನೆ ಉಸಿರು ಬಿಗಿಹಿಡಿದು ಪಾತ್ರೆ ನೋಡ್ತಾ ನಿಂತಿತ್ತು.

ನಾನು ಒಳ್ಳೆ ಆ್ಯಂಗಲ್ ಸಿಗಲಿ ಅಂತ ನೆಲಕ್ಕೆ ಮಂಡಿಯೂರಿ, ಪಾತ್ರೆ ಪಕ್ಕಕ್ಕೇ ಫಿಫ್ಟಿ ಲೆನ್ಸ್ ಹಿಡಿದಿದ್ದೆ. ಫಿಫ್ಟಿ ಅಂದರೆ ಐವತ್ತು ಎಂಎಂ ಲೆನ್ಸು. ಅದಕ್ಕೆ ಝೂಮ್ ಗೀಮ್ ಇಲ್ಲ. ಹತ್ತಿರ ಬೇಕಾದರೆ ನಾವೇ ಹತ್ತಿರ ಹೋಗಬೇಕು. ಹೋಗಿದ್ದೆ. ಯಾವ ದಿಕ್ಕು ಅಂತ ಮಾತ್ರ ನೋಡಿಕೊಂಡಿರಲಿಲ್ಲ.

ಹಾಲು ಉಕ್ಕಿತು. "ಪೂರ್ವಕ್ಕೇ! ಪೂರ್ವಕ್ಕೇ!" ಅಂತ ಪುರೋಹಿತರು ಕೂಗಿದರು, ಹೆಂಗಸರು ಕೈ ಮುಗಿದರು, ಯಜಮಾನರ ಕಣ್ಣಲ್ಲಿ ನೀರು. ನನ್ನ ಲೆನ್ಸಿನ ಸಂದುಸಂದಿನಲ್ಲೂ ಹಾಲು. ಒಂದು ಸಲ ಗರ್ ಅಂತು, ಆಮೇಲೆ ಉಸಿರೇ ಎತ್ತಲಿಲ್ಲ. ನನ್ನ ಮುಖ ನೋಡಿ ಯಜಮಾನರ ಹೆಂಡತಿ ಸಮಾಧಾನ ಹೇಳಿದರು:

"ಬೇಜಾರ್ ಮಾಡ್ಕೋಬೇಡಿ ಅಣ್ಣಾ. ನೀವು ಅಡ್ಡ ಇದ್ದಿದ್ದಕ್ಕೆ ನೆಲ ಗಲೀಜಾಗಲಿಲ್ಲ."

ಥರ್ಮೋಕೋಲ್ ಪುರಾಣ

ಬೇರೆ ಸಮಯವಾಗಿದ್ದರೆ ತಡಕೊಳ್ತಿದ್ದೆ. ಆದರೆ ಬರೋ ಭಾನುವಾರ ಬಂಗಾರಪೇಟೆ ಛತ್ರದಲ್ಲಿ ನಮ್ಮ ಅಕ್ಕನ ಮಗಳ ಮದುವೆ. ಆ ಛತ್ರದ ಮಬ್ಬು ಬೆಳಕಿಗೆ ಫಿಫ್ಟಿ ಇಲ್ಲದೆ ಆಗೋದಿಲ್ಲ. ಅಕ್ಕನ ವಿಷಯದಲ್ಲಿ ನನ್ನ ಮೇಲೆ ಇಪ್ಪತ್ತನಾಲ್ಕು ವರ್ಷದ ಹಳೇ ಕೇಸ್ ಬೇರೆ ಇದೆ.

ಅವಳ ಮದುವೆ ಫೋಟೋ ತೆಗೆದವನೂ ನಾನೇ. ಅದೇ ನನ್ನ ಮೊದಲ ಮದುವೆ ಕೆಲಸ, ಎರವಲು ಕ್ಯಾಮೆರಾ. ಅಷ್ಟೂ ರೀಲಿನಲ್ಲಿ ಗಂಡು ಹೆಣ್ಣು ಇಬ್ಬರೂ ಮಂಜು ಮಂಜು. ಹಿಂದೆ ಗೋಡೆಗೆ ಅಂಟಿಸಿದ್ದ ಥರ್ಮೋಕೋಲ್ ಅಕ್ಷರಗಳು ಮಾತ್ರ ಕಣ್ಣಿಗೆ ಒತ್ತಿಕೊಳ್ಳೋ ಹಾಗೆ ಚೊಕ್ಕ. ಯಾರೇ ಆಲ್ಬಮ್ ಕೇಳಿದರೂ ಅಕ್ಕ, "ಬನ್ನಿ, ನಮ್ ತಮ್ಮ ತೆಗ್ದಿರೋ ಥರ್ಮೋಕೋಲ್ ಮದ್ವೆ ನೋಡಿ" ಅಂತಲೇ ತೆಗೆಯೋದು.

ಈ ಸಲ ಫೋನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದಳು: "ನೋಡ್ಲಾ, ಬ್ಯಾರೆಯೋರ್ನ ಕರ್ಸು ಅಂತ ನಿಮ್ ಭಾವ ಬಡ್ಕಂತಾವ್ರೆ. ನಾನೇ ನನ್ ತಮ್ಮ ಅವ್ನೆ ಅಂತ ಪಟ್ಟು ಇಡ್ದಿವ್ನಿ. ಈ ಸಲಾನೂ ಮಂಜು ಮಾಡಿದ್ರೆ ನೀನ್ ಮುಂದುಕ್ಕೆ ನಮ್ಮನೆ ಒಸ್ಲು ತುಳೀಬ್ಯಾಡ."

ತವರಿನ ಮಾನ ಕಾಪಾಡೋಕೆ ಅವಳು ಭಾವನ ಹತ್ತಿರ ಜಗಳ ಆಡಿದ್ದಾಳೆ. "ಅಕ್ಕಾ, ಈ ಸಲ ನಿನ್ನ ಕೂದಲು ಎಣಿಸೋ ಹಾಗೆ ತೆಗೀತೀನಿ" ಅಂದೆ. ಹಾಳು ಬಾಯಿ, ಸುಮ್ಮನಿರಬಾರದಾ.

ಸಿಂಗಲ್ ಓನರ್

ಹೊಸದು ತಗೊಳ್ಳೋ ಯೋಗ್ಯತೆ ಇರಲಿಲ್ಲ. ವಿಚಾರಿಸಿದಾಗ ನನ್ನ ಕ್ಯಾಮೆರಾಗೆ ಕೂರೋ ಹಳೇ ಫಿಫ್ಟಿಗಳು ಎರಡು ಸಿಕ್ಕವು, ರೇಟೂ ಒಂದೇ. ಮೊದಲನೆಯದು ಕೋರಮಂಡಲ್‌ನಲ್ಲಿ, ಗಣಿ ಆಫೀಸಿನಿಂದ ರಿಟೈರ್ ಆದ ತಾತನ ಹತ್ತಿರ. ತಾತ ಬಿಸ್ಕತ್ ಡಬ್ಬಿ ತೆಗೆದು, ಹತ್ತಿ ಸರಿಸಿ, ಲೆನ್ಸನ್ನು ನನ್ನ ಅಂಗೈಗಿಟ್ಟರು. ಪೂರಾ ಲೋಹ. ಕೈ ಜಗ್ಗಿತು.

"ಭಾರ ಪಾರು ತಂಬಿ, ಭಾರ ನೋಡು! ಈಗಿಂದೆಲ್ಲ ಬರೀ ಪ್ಲಾಸ್ಟಿಕ್. ಫೋಕಸ್ ಮಾತ್ರ ಕೈಯಲ್ಲೇ ತಿರುಗಿಸ್ಬೇಕು. ಸಿಂಗಲ್ ಓನರ್. ಒಳಗೆ ಒಂದು ಫಂಗಸ್ ಇದೆ, ಅದೂ ಸಿಂಗಲ್ಲೇ."

ಬೆಳಕಿಗೆ ಹಿಡಿದು ನೋಡಿದೆ. ಗಾಜಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹರಡಿತ್ತು. ಯಾರ ಮದುವೆಗೆ ಅಂತ ತಾತ ಕೇಳಿದರು. ಥರ್ಮೋಕೋಲ್ ಪುರಾಣ ಹೇಳಿದೆ. ಕೆಮ್ಮು ಬರೋವರೆಗೂ ನಕ್ಕು, ಅಜ್ಜಿಯನ್ನು ಕರೆದು ಇನ್ನೊಂದು ಸಲ ಹೇಳಿಸಿದರು. ಅಜ್ಜಿ ನಗಲಿಲ್ಲ. "ಫಂಗಸ್‌ಗೆಲ್ಲ ಹೆದರ್ಬೇಡ ಕಣ್ಣಾ. ಇವರು ನನ್ನ ಫೋಟೋ ಎಲ್ಲಾ ಇದರಲ್ಲೇ ತೆಗಿಯೋದು. ಇದರಲ್ಲಿ ನನಗೆ ವಯಸ್ಸೇ ಆಗಲ್ಲ" ಅಂದರು.

ತಮಾಷೆಗೆ ಹೇಳಿದರು ಅಂದುಕೊಂಡೆ. ಸೋಮವಾರದವರೆಗೆ ಇಟ್ಟುಕೊಂಡು ನೋಡು ಅಂತ ಲೆನ್ಸ್ ಕೊಟ್ಟ ತಾತ ಗೇಟಿನ ತನಕ ಬಂದು ಕಿವಿಯಲ್ಲಿ ಹೇಳಿದರು: "ನಿಜ ಅಂದ್ರೆ ತಂಬಿ, ಇದನ್ನ ಮಾರ್ತಾ ಇರೋದು ಯಾಕೆ ಗೊತ್ತಾ? ದಿನಾ ಬೆಳಿಗ್ಗೆ ಒಂದು ಫೋಟೋ ತೆಗೀರಿ ಅಂತಾಳೆ."

ಹಿಂದಿನ ಸಾಲಿನ ಅತ್ತೆ

ಎರಡನೆಯದು ಕೆಜಿಎಫ್‌ನಲ್ಲಿ ಫ್ಯಾಕ್ಟರಿ ಕೆಲಸದಲ್ಲಿರೋ, ಧಾರವಾಡ ಕಡೆಯ ಸಾಹೇಬರದು. ಮನೆ ಬಂಗಾರಪೇಟೆಯಲ್ಲಿ. ಆದರೆ ಮನೆಗೆ ಬರಬೇಡಿ ಅಂತ ಹೇಳಿ ಸ್ಟೇಷನ್ ಹತ್ತಿರದ ಪಾನಿಪೂರಿ ಗಾಡಿಗೆ ಕರೆಸಿಕೊಂಡರು. ನಮ್ಮ ಬಂಗಾರಪೇಟೆ ಪಾನಿ ನೋಡೋಕೆ ಬರೀ ನೀರು, ಬಾಯಿಗೆ ಬಿದ್ದಮೇಲೆ ಗೊತ್ತಾಗೋದು ಅದರ ಪ್ರತಾಪ. ಸಾಹೇಬರು ಕಣ್ಣೊರೆಸಿಕೊಳ್ತಾ ಜೇಬಿನಿಂದ ಲೆನ್ಸ್ ತೆಗೆದರು. ಹಗುರ, ಹೊಚ್ಚ ಹೊಸದರ ಹಾಗಿತ್ತು. ಕ್ಯಾಮೆರಾಗೆ ಹಾಕಿ ಪೂರಿ ಮೇಲೆ ಹಿಡಿದರೆ ಈರುಳ್ಳಿ ಚೂರಿನ ಅಂಚು ಸಹಿತ ಕಾಣ್ತಿತ್ತು.

"ಇಷ್ಟು ಚೆನ್ನಾಗಿರೋದನ್ನ ಯಾಕೆ ಸಾರ್ ಮಾರ್ತೀರಿ?"

"ಲೆನ್ಸಿಂದೇನೂ ತಪ್ಪಿಲ್ರಿ. ಮಗಳ ಹುಟ್ಟುಹಬ್ಬಕ್ಕ ಎಲ್ಲಾರ್ನೂ ನಿಲ್ಲಿಸಿ ಫೋಟೋ ತಗದೆ. ನಮ್ಮವ್ವ ಮುಂದ ಕುಂತಿದ್ಲು, ನಮ್ಮತ್ತಿ ಹಿಂದ ನಿಂತಿದ್ರು. ಹಿಂದಿಂದು ಮಸುಕಾದ್ರ ಚೆಂದ ಅಂತ ಯಾರೋ ಹೇಳಿದ್ರು, ಹಂಗ ಮಾಡಿದೆ. ಅದನ್ನ ದೊಡ್ಡದು ಮಾಡಿಸಿ ಗ್ವಾಡಿಗೂ ಹಾಕಿದೆ. ನಮ್ಮಾಕಿ ಏನಂದ್ಲು ಗೊತ್ತೇನ್ರಿ? ನಿಮ್ಮವ್ವನ ಮೂಗುತಿ ಹರಳು ಎಣಿಸಬಹುದು, ನಮ್ಮವ್ವ ಯಾವುದು, ಪರದೆ ಯಾವುದು, ತಿಳೀವಲ್ದು ಅಂದ್ಲು! ಮೂರು ತಿಂಗಳಾತು, ಅತ್ತಿ ನಮ್ಮನಿಗೆ ಕಾಲಿಟ್ಟಿಲ್ಲ. ಅದನ್ನ ಮಾರಿಬಿಡ್ರಿ ಅಂತ ನಮ್ಮಾಕಿ ಗಂಟು ಬಿದ್ದಾಳ."

"ಹಾಗಾದರೆ ಬೇಗ ಮಾರಿಬಿಡಿ ಸಾರ್, ಎಲ್ಲ ಸರಿ ಹೋಗುತ್ತೆ. ಮದುವೆಗೆ ಒಯ್ದು ನೋಡಿ ಸೋಮವಾರ ಹೇಳ್ತೀನಿ."

ಸಾಹೇಬರು ಆ ಕಡೆ ಈ ಕಡೆ ನೋಡಿದರು. "ಅವಸರ ಮಾಡಬ್ಯಾಡ್ರಿ. ಲೆನ್ಸ್ ಮಾರಿದ್ ಸುದ್ದಿ ಮುಟ್ಟಿದ್ರ ನಮ್ಮತ್ತಿ ಮರುದಿನಾನ ಇಲ್ಲಿಗೆ ರೈಲು ಹತ್ತತಾರ."

ಕೆಜಿಎಫ್ ಪರೀಕ್ಷೆ

ಎರಡು ಲೆನ್ಸೂ ಮನೆಗೆ ಬಂದವು, ನಿದ್ದೆ ಹೋಯಿತು. ಹಳೇದು ಘನವಾಗಿದೆ, ಫೋಟೋದಲ್ಲಿ ಒಂಥರಾ ಜೀವ ಇದೆ, ಆದರೆ ಬೂಷ್ಟು. ಹೊಸದು ಸೂಜಿಯಷ್ಟು ಚೂಪು, ಆದರೆ ಕೈಗೆ ಆಟದ ಸಾಮಾನು. ಒಂದನ್ನು ಕೂರಿಸಿದರೆ ಇನ್ನೊಂದು ಅಳ್ತಿದೆಯೇನೋ ಅನ್ನಿಸೋದು. ಕೊನೆಗೆ ಬೂಷ್ಟು ಎಷ್ಟಿದೆ ಅಂತ ಭೂತಗನ್ನಡಿಯಲ್ಲಿ ನೋಡಿಸೋಣ ಅಂತ ಪಕ್ಕದ ಅಂಗಡಿ ಆಚಾರಿ ಹತ್ತಿರ ಹೋದೆ. ಚಿನ್ನದ ಕೆಲಸದವರು, ಕಣ್ಣು ಬಲು ಸೂಕ್ಷ್ಮ.

ಅವರು ಭೂತಗನ್ನಡಿ ಮುಟ್ಟಲೇ ಇಲ್ಲ. ಎರಡನ್ನೂ ತಕ್ಕಡಿಗಿಟ್ಟರು. "ಏಂ ಸಾಮೀ, ಇದರಲ್ಲಿ ಡೌಟೇನಿದೆ? ತೂಕ ಹಳೇದೇ ಜಾಸ್ತಿ" ಅಂದರು. ಆಮೇಲೆ "ಒಂದು ಸಲ ಒರೆಗೆ ಹಚ್ಚಿ ನೋಡಿಬಿಡೋಣ" ಅಂತ ಒರೆಗಲ್ಲಿಗೆ ಕೈ ಹಾಕಿದರು. ನಾನು ಕಿರುಚಿಕೊಂಡು ಕಿತ್ತುಕೊಂಡೆ.

"ಹೋಗಲಿ ಆಚಾರ್ರೇ, ನಿಮ್ಮ ಅಭಿಪ್ರಾಯ ಹೇಳಿ ಸಾಕು. ಯಾವುದು ತಗೊಳ್ಳಲಿ?"

ಆಚಾರಿ ಗಂಭೀರವಾಗಿ ಯೋಚನೆ ಮಾಡಿ ಹೇಳಿದರು: "ತೂಕಕ್ಕೆ ಹಳೇದು, ನಾಜೂಕಿಗೆ ಹೊಸದು. ಎರಡನ್ನೂ ಕರಗಿಸಿ ಒಂದು ಮಾಡಿಸಿಬಿಡು!"

ಸಂಡಿಗೆ ಜೊತೆ

ನಮ್ಮ ಅವ್ವನಿಗೆ ಅರ್ಥವಾಗಿದ್ದು ಒಂದೇ: ಹಳೇ ಲೆನ್ಸಿಗೆ ಬೂಷ್ಟು ಹಿಡಿದಿದೆ. ಬೂಷ್ಟಿಗೆ ಅವಳ ಹತ್ತಿರ ಇರೋ ಮದ್ದೂ ಒಂದೇ. ಮದುವೆಗೆ ಎರಡು ದಿನ ಇರುವಾಗ ನಾನು ಸ್ನಾನಕ್ಕೆ ಹೋದ ಹೊತ್ತು ನೋಡಿ, ಮಹಡಿ ಮೇಲೆ ಸಂಡಿಗೆ ಒಣಗಿಸಿದ್ದ ಬಟ್ಟೆ ಮೇಲೆ ಅದನ್ನೂ ಬಿಸಿಲಿಗಿಟ್ಟಿದ್ದಳು. ಅದೂ ಅಚ್ಚುಕಟ್ಟಾಗಿ! ಕೆಳಗೂ ಗಾಳಿ ಆಡಲಿ ಅಂತ ಎರಡು ಇಟ್ಟಿಗೆ ಚೂರಿಟ್ಟು ನಡುವೆ ಸೇತುವೆ ಹಾಗೆ ಕೂರಿಸಿ, ಮುಚ್ಚಳ ಎರಡೂ ತೆಗೆದು.

ಸುಟ್ಟ ವಾಸನೆ ಬಂತು. ಒದ್ದೆ ಮೈಯಲ್ಲೇ ಮಹಡಿಗೆ ಓಡಿದೆ. ಮಧ್ಯಾಹ್ನದ ಬಿಸಿಲು ಲೆನ್ಸಿನೊಳಗೆ ಇಳಿದು, ಚುಕ್ಕಿಯಾಗಿ ಕೆಳಗಿನ ಬಟ್ಟೆ ಮೇಲೆ ಬಿದ್ದು ಹೊಗೆ ಎಬ್ಬಿಸುತ್ತಿತ್ತು. ಬಟ್ಟೆ ಯಾವುದು ಅಂದುಕೊಂಡಿರಿ? ಮದುವೆಗೆ ಅಂತ ಒಗೆದಿಟ್ಟಿದ್ದ ನನ್ನ ಬಿಳಿ ಪಂಚೆ.

"ಅವ್ವಾ! ಏನ್ ಮಾಡ್ದೆ!"

"ಯಾಕ್ಲಾ ಅಂಗ್ ಬಡ್ಕಂತೀಯ? ಬೂಷ್ಟು ಓಯ್ತೇನೋ ನೋಡು."

ಬೂಷ್ಟು ಹಾಗೇ ಇತ್ತು. ಪಂಚೆ ನಡುವೆ ಕಾಸಿನಗಲ ತೂತು. ತೂತಿನ ಅಂಚಿನಲ್ಲಿದ್ದ ಒಂದು ಸಂಡಿಗೆ ಕೆಂಪಗಾಗಿತ್ತು. ಅವ್ವ ಅದನ್ನು ಕೈಗೆತ್ತಿಕೊಂಡು ಮುರಿದು ಬಾಯಿಗೆ ಹಾಕಿಕೊಂಡಳು.

"ಎಣ್ಣೆ ಇಲ್ದಂಗೆ ಸುಟ್ಟೈತೆ ಕಣ್ಲಾ. ಇದ್ನೇ ತಗೋ, ಒಳ್ಳೆ ಸಾಮಾನು."

ಭಾನುವಾರ

ಅವ್ವನ ಮಾತು ಕೇಳಲಿಲ್ಲ. ಕ್ಯಾಮೆರಾಗೆ ಸಾಹೇಬರ ಚೂಪು ಲೆನ್ಸ್ ಹಾಕಿದೆ. ಅವರ ಅತ್ತೆಯನ್ನು ನೆನೆದು, ಮುಂದಿನವರು ಹಿಂದಿನವರು ಎಲ್ಲರೂ ಚೊಕ್ಕ ಬರೋ ಹಾಗೆ ಲೆನ್ಸಿನ ಕಿಂಡಿ ಕಿರಿದು ಮಾಡಿ ಲೈಟ್ ನಿಲ್ಲಿಸಿದೆ. ತಾಳಿ, ಧಾರೆ, ಅಕ್ಷತೆ, ಒಂದೂ ಅಲುಗಲಿಲ್ಲ. ಆನಂದ ತಡೆಯಲಾರದೆ, ಊಟಕ್ಕೆ ಮುಂಚೆಯೇ ಅಕ್ಕನನ್ನು ಪಕ್ಕಕ್ಕೆ ಕರೆದು ಕ್ಯಾಮೆರಾ ಹಿಂದಿನ ಪರದೆಯಲ್ಲಿ ತೋರಿಸಿದೆ. ಭಾವನೂ ಇಣುಕಿದರು. ಇಪ್ಪತ್ತನಾಲ್ಕು ವರ್ಷದ ಕೇಸು ಇವತ್ತಿಗೆ ಖುಲಾಸೆ ಅಂತ ಎದೆ ಉಬ್ಬಿಸಿ ನಿಂತೆ.

ಅಕ್ಕ ಕಣ್ಣು ಕಿರಿದು ಮಾಡಿದಳು. "ಮಗಳ ಪಕ್ಕ ಇದ್ಯಾರ್ಲಾ ಈ ಮುದ್ಕಿ?"

"ನೀನೇ ಅಕ್ಕಾ."

ನಾದಸ್ವರದವರೂ ಅದೇ ಹೊತ್ತಿಗೆ ನಿಲ್ಲಿಸಬೇಕಾ? ನೆರಿಗೆ, ಬೈತಲೆ ಹತ್ತಿರದ ಬಿಳಿ ಕೂದಲು, ಬೆವರಿಗೆ ಇಳಿದ ಕಾಡಿಗೆ, ಏನೂ ತಪ್ಪಿಸಿಕೊಂಡಿರಲಿಲ್ಲ. "ಕೂದ್ಲು ಎಣ್ಸಂಗೆ ತೆಗೀತೀನಿ ಅಂದೆ, ಎಣ್ಸೇ ಬುಟ್ಯಲ್ಲಾ! ಥೂ, ನಿನ್ ಕೈ ಸೇದೋಗ!" ಅಂದಳು. ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಭಾವ ಏನೋ ಹೇಳಹೋಗಿ, ಅಕ್ಕನ ಮುಖ ನೋಡಿ ಸಾಂಬಾರ್ ಕಡೆಗೆ ನಡೆದರು.

ಆಗ ಕೋರಮಂಡಲ್ ಅಜ್ಜಿ ಮಾತು ನೆನಪಾಯಿತು. ಬ್ಯಾಗಿನಿಂದ ಬೂಷ್ಟು ಲೆನ್ಸ್ ತೆಗೆದು ಟಕ್ಕಂತ ಕೂರಿಸಿದೆ. "ಅಕ್ಕಾ, ನಿನ್ನ ದಮ್ಮಯ್ಯ, ಆ ಕಿಟಕಿ ಹತ್ತಿರ ಒಂದೇ ಒಂದು ನಿಮಿಷ ನಿಂತ್ಕೋ." ಮೂತಿ ಉಬ್ಬಿಸಿಕೊಂಡೇ ನಿಂತಳು. ಉಸಿರು ಹಿಡಿದು ಫೋಕಸ್ ತಿರುಗಿಸಿ, ಒಂದೇ ಒಂದು ತೆಗೆದೆ.

ಅಕ್ಕ ನೋಡಿದಳು. ಬೂಷ್ಟಿನ ಮಬ್ಬಿನಲ್ಲಿ ನೆರಿಗೆಯೆಲ್ಲ ಕರಗಿ, ಕಿಟಕಿ ಬೆಳಕು ಕೆನ್ನೆ ಮೇಲೆ ಮೆತ್ತಗೆ ಹರಡಿತ್ತು. ಥೇಟ್ ದೀಪ ಹಚ್ಚಿಟ್ಟ ಹಾಗಿತ್ತು ಮುಖ. ಕ್ಯಾಮೆರಾ ನನ್ನ ಕೈಯಿಂದ ಕಿತ್ತುಕೊಂಡು, ಸೆರಗಿನಿಂದ ಪರದೆ ಒರೆಸಿ ಮತ್ತೆ ನೋಡಿದಳು.

"ಈಗ್ ಬಂದೆ ದಾರಿಗೆ" ಅಂದಳು ಕೊನೆಗೆ. "ನನ್ ಮದ್ವೇಲೂ ಇಂಗೇ ತೆಗ್ದಿದ್ದೆ ಕಣ್ಲಾ. ಎಲ್ರೂ ಮಂಜಾಗಿ ಏನ್ ಚೆಂದಾಗ್ ಕಾಣ್ತಿದ್ವಿ! ಅವತ್ತು ನಮ್ಗೇ ಬುದ್ಧಿ ಇರ್ನಿಲ್ಲ."

ಸುದ್ದಿ ಊಟದ ಮನೆಗೆ ಮುಟ್ಟಿತು. ಅತ್ತಿಗೆ, ಚಿಕ್ಕಮ್ಮ, ಗಂಡಿನ ದೊಡ್ಡಮ್ಮ, ಹೋಳಿಗೆ ಎಲೆಯಲ್ಲೇ ಬಿಟ್ಟು ಕಿಟಕಿ ಹತ್ತಿರ ಸಾಲು ನಿಂತರು. "ಅಣ್ಣಾ, ನಂಗೂ ಬೂಷ್ಟಲ್ಲಿ ಒಂದು!" "ನಂಗೆ ವಸಿ ಜಾಸ್ತಿ ಬೂಷ್ಟು ಹಾಕಪ್ಪಾ!" ಭಾವನೂ ಎಲ್ಲರೂ ಹೋಗೋವರೆಗೆ ಕಾದು, ಬೊಕ್ಕತಲೆ ಸವರಿಕೊಳ್ತಾ ಬಂದು ನಿಂತರು. ಯಾವ ಲೆನ್ಸ್ ತಗೋಬೇಕು ಅನ್ನೋ ನನ್ನ ವಾರದ ಸಂಕಟ ಅಲ್ಲಿಗೆ ಮುಗಿಯಿತು. ಸೋಮವಾರ ಸಾಹೇಬರ ಲೆನ್ಸ್ ವಾಪಸ್ ಕೊಟ್ಟಾಗ ಅವರು ಕೈ ಮುಗಿದಿದ್ದು ಬೇರೆ ಮಾತು.

ಮದುವೆ ದಿನ ಎಲ್ಲ ಮುಗಿದು ಹೊರಡುವಾಗ ಅಕ್ಕ ಆಟೋ ತನಕ ಬಂದು, ಒಬ್ಬಟ್ಟಿನ ಡಬ್ಬಿ ನನ್ನ ತೊಡೆ ಮೇಲಿಟ್ಟಳು. ಸಂಡಿಗೆ ಕಥೆ ಅಷ್ಟರಲ್ಲಿ ಅವಳ ಕಿವಿಗೂ ಬಿದ್ದಿತ್ತು. ತಲೆ ಒಳಗೆ ತೂರಿಸಿ, ಪಕ್ಕದಲ್ಲಿ ಕೂತಿದ್ದ ಅವ್ವನಿಗೆ ಬೆರಳು ತೋರಿಸಿ ಗದರಿದಳು:

"ಅವ್ವೋ, ಇನ್ನೊಂದ್ಸಲ ಅದ್ನ ಬಿಸ್ಲಿಗೆ ಇಕ್ಕೀಯ ಜೋಕೆ! ಇರೋ ಬೂಷ್ಟೂ ಓಗ್ಬುಟ್ಟಾತು!"